ಸೆರಗಿನ ಕೆಂಪು ಕಪ್ಪಿಟ್ಟಾಗ

ಸೆರಗಿನ ರೇಷ್ಮೆಯ ಲಡಿಗಳನ್ನು ಹಿತ್ತಲಿನ ಬಿದಿರಿನ ಗಳುವಿನ ಮೇಲೆ ಇಳಿಬಿಟ್ಟು, ಕೈ ಒರೆಸಿಕೊಂಡು ಹಿಂದೆ ಸರಿದು ನೋಡಿದೆ. ಬಣ್ಣ ಹಾಕುವವಳು ನಾನು, ಹಾಕಿದ್ದು ಕೆಂಪು. ಗಳುವಿನ ಮೇಲೆ ತೂಗುತ್ತಿದ್ದದ್ದು ಹಳೆಯ ಇಟ್ಟಂಗಿಯನ್ನು ನೆನೆಸಿ ಅದಕ್ಕಿಷ್ಟು ಮಸಿ ಬಳಿದ ಹಾಗಿತ್ತು. ಪಕ್ಕದಲ್ಲೇ, ಹೋದ ಸಲ ಅಂಚಿಗೆ ಹಾಕಿದ ಬಣ್ಣದ ಒಂದು ಲಡಿಯನ್ನು ಗುರುತಿಗೆಂದು ತೂಗುಬಿಟ್ಟಿದ್ದೆ. ಅದು ಬಿಸಿಲಿಗೆ ನಿಗಿನಿಗಿ ಅನ್ನುತ್ತಿತ್ತು. ಎರಡೂ ಒಂದೇ ಚೀಲದ ಮಂಜಿಷ್ಠ ಬೇರು, ಒಂದೇ ಪಟಿಕ, ಒಂದೇ ಡಬರಿ ಪಾತ್ರೆ, ಒಂದೇ ಕೈ.

ಇಳಕಲ್ ಸೀರೆ ಗೊತ್ತಿಲ್ಲದವರಿಗೆ ಇದರಲ್ಲೇನು ದೊಡ್ಡ ಮಾತು ಅನಿಸಬಹುದು. ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿಯ ಗೆರೆಯಲ್ಲಿ ಅಂಚಿನ ಕೆಂಪು ಹೋಗಿ ಸೆರಗಿನ ಕೆಂಪಿಗೆ ಸೇರುತ್ತದೆ. ಎರಡೂ ಒಂದೇ ಆಗಿದ್ದರೆ ಗೆರೆ ಎಲ್ಲಿದೆಯೆಂದು ಹುಡುಕಬೇಕು. ಬೇರೆಯಾದರೆ ತೇಪೆ ಹಚ್ಚಿದಂತೆ ದೂರದಿಂದಲೇ ಕಾಣುತ್ತದೆ.

ಆ ಸೀರೆ ನೇಯಬೇಕಾದವಳು ನಮ್ಮ ಓಣಿಯ ಮಗ್ಗದಾಕೆ. ಮನೆಯೊಳಗೆ ಅವಳದೊಂದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಗಂಡ ಪಾವರ್‌ಲೂಮಿನಲ್ಲಿ ದುಡಿಯುವವನು. ಕುಣಿ ಮುಚ್ಚಿ ಅಲ್ಲೊಂದು ಪಾವರ್‌ಲೂಮ್ ಕೂಡಿಸಬೇಕೆಂದು ಅವನ ಹಟ. ಹಾಗೆ ಮಾಡಿದರೆ ಇವಳ ನೇಯ್ಗೆ ಮುಗಿಯಿತು. ಮಷೀನಿನ ಮುಂದೆ ಅವನು ನಿಲ್ಲುತ್ತಾನೆ, ಇವಳು ಅವನಿಗೆ ಕಂಡಿಕಿಗೆ ನೂಲು ಸುತ್ತಿಕೊಡುತ್ತಾಳೆ. ಅಷ್ಟರಲ್ಲಿ ಸೀರೆ ಅಂಗಡಿಯ ಸಾವಕಾರ ಬಂದು, ಬೇರಿನ ಬಣ್ಣದ ಕೈಮಗ್ಗದ ಸೀರೆ ಬೇಕು, ಮೊದಲು ಒಂದು ನೇಯ್ದು ತೋರಿಸಿ, ಮನಸ್ಸಿಗೆ ಬಂದರೆ ಮುಂದಿನ ಹಾಸುಗಳನ್ನೆಲ್ಲ ಇಲ್ಲಿಗೇ ಕೊಡುತ್ತೇನೆ ಎಂದ. ಗಂಡ ಹೆಂಡತಿ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಕರಾರು ಮಾಡಿಕೊಂಡರು. ಸೀರೆ ಪಾಸಾದರೆ ಕುಣಿ ಉಳಿಯುತ್ತದೆ, ಇಲ್ಲದಿದ್ದರೆ ಮಣ್ಣು. ಒಡಲಿನ ಹಾಸು ಅಂಚಿನ ಕೆಂಪಿನ ಸಮೇತ ಮಗ್ಗಕ್ಕೆ ಏರಿಯಾಗಿತ್ತು. ಸೆರಗಿನ ರೇಷ್ಮೆಗಾಗಿ ಅವಳು ಕಾಯುತ್ತಿದ್ದಳು. ನಾನು ಕೊಟ್ಟದ್ದು ಇದು.

ಮೊದಲು ಸೊಸೆಯ ಮೇಲೆ ಹರಿಹಾಯ್ದೆ. ಮಂಜಿಷ್ಠದ ನೀರು ಕುದಿಯಬಾರದು. ಕೈ ಅದ್ದಿ ಥಟ್ಟನೆ ತೆಗೆಯುವಷ್ಟು ಬಿಸಿಯಲ್ಲಿ ನಿಧಾನವಾಗಿ ಕಾಯಬೇಕು. ಕುದಿಸಿದರೆ ಬೇರಿನ ಕಂದು ಬಣ್ಣವೆಲ್ಲ ಬಿಟ್ಟು ಕೆಂಪು ಕೆಡುತ್ತದೆ.

"ಬೆಂಕಿ ಜೋರ ಮಾಡೀದಿ ನೀ."

"ಎಲ್ಲಿ ಜೋರ ಮಾಡ್ಲಿ ಅತ್ತಿ? ನೀವ ಒಲಿ ಬಾಜೂಕ ಕುಂತು ಕಟಗಿ ಹಿಂದ ಎಳಿ, ಹಿಂದ ಎಳಿ ಅಂತ ಬೈಕೋತಿದ್ರಲ್ಲ."

ಖರೆ. ಒಲೆಯ ಪಕ್ಕದಿಂದ ನಾನು ಎದ್ದೇ ಇರಲಿಲ್ಲ. ಬೈಯಲು ಬೇರೆ ಯಾರಾದರೂ ಬೇಕಾಗಿತ್ತು.

ಸಂಜೆಗೆ ಮಗ್ಗದಾಕೆ ಬಂದಳು, ಹಿಂದೆಯೇ ಗಂಡ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಎರಡೂ ಲಡಿಗಳನ್ನು ಜೋಡಿಸಿ ಹಿಡಿದಳು. ಅಲ್ಲಿ ಅಷ್ಟೇನೂ ಬೇರೆ ಕಾಣಲಿಲ್ಲ. ಮುಖ ಅರಳಿತು. ನಾನು ಬಾಗಿಲ ಕಡೆ ಕೈ ತೋರಿಸಿದೆ. ಹೊರಗೆ ಹೋದಳು. ಇಳಿಬಿಸಿಲಿಗೆ ಹಿಡಿದು ನೋಡಿದಳು. ಲಡಿ ತಂದು ನನ್ನ ಕೈಗಿಟ್ಟಳು.

ಗಂಡ ಅಂದ: "ಟ್ಯೂಬ್‌ಲೈಟಿನ್ಯಾಗ ಎರಡೂ ಒಂದ ಕಾಣ್ತಾವಲ್ರಿ ಆಯಿ. ಸಾವಕಾರ್ರನ್ನ ಒಳಗ ಕುಂದ್ರಿಸಿ ಚಾ ಕೊಟ್ಟು ಅಲ್ಲೇ ತೋರಸೂಣು."

"ಸೀರಿ ಉಟ್ಟಾಕಿ ತಲಿ ಮ್ಯಾಲೆ ಟ್ಯೂಬ್‌ಲೈಟ್ ಹೊತಗೊಂಡು ಅಡ್ಯಾಡ್ತಾಳೇನೋ?"

"ಹಂಗಾರ ಅಂಗಡ್ಯಾಗಿನ ಪಾಕೀಟ್ ಬಣ್ಣ ಒಂದ ಚಿಟಿಕಿ ಹಾಕ್ರಿ. ಯಾರಿಗೆ ತಿಳೀತೈತಿ?"

"ನಿನಗ ತಿಳದೇತಲ್ಲ. ನೀ ಇಡೀ ಊರಿಗೆ ಸಾರ್ತಿ."

ಅವನು ನಕ್ಕ. ಅವಳು ನಗಲಿಲ್ಲ. ಅವನಿಗೆ ಎರಡು ಕಡೆಯೂ ಲಾಭ. ಸೀರೆ ಪಾಸಾದರೆ ಮನೆಗೆ ಕೆಲಸ, ಆಗದಿದ್ದರೆ ಮಷೀನು.

ಮರುದಿನ ಬೇರಿನವನ ಹತ್ತಿರ ಹೋದೆ. ಬನಶಂಕರಿ ಗುಡಿಯ ಆಚೆ ಚೊಳಚಗುಡ್ಡದಲ್ಲಿ ಅವನದೊಂದು ಅಂಗಡಿ. ಔಷಧಿ ಬೇರು, ತೊಗಟೆ, ಕಾಯಿ ಮಾರುತ್ತಾನೆ. ಇಳಕಲ್ಲಿನಿಂದ ಬಸ್ ಬದಲಿಸಿಕೊಂಡು ಹೋಗುವಷ್ಟರಲ್ಲಿ ನನ್ನ ಸೊಂಟ ಹೋಗಿತ್ತು, ಸಿಟ್ಟು ಮಾತ್ರ ಇತ್ತು.

"ಕಲಬೆರಕಿ ಬೇರು ಕೊಟ್ಟೀಯಲ್ಲೋ," ಅಂತ ಕಪ್ಪಿಟ್ಟ ಲಡಿಯನ್ನು ಅವನ ತಕ್ಕಡಿಯ ಮೇಲೆ ಒಗೆದೆ.

ಅವನು ಲಡಿ ಮುಟ್ಟಲಿಲ್ಲ. ಚೀಲದಿಂದ ಒಂದು ಬೇರಿನ ತುಂಡು ತೆಗೆದು ಬಾಯಿಗೆ ಹಾಕಿಕೊಂಡು ಅಗಿದು, ಅಂಗೈ ಮೇಲೆ ಉಗಿದು ತೋರಿಸಿದ. ಕೆಂಪಗಿತ್ತು.

"ನೋಡ್ರಿ ಆಯಿ. ನಿಮಗ ಕೊಟ್ಟ ಚೀಲಾನೂ ಇದ. ಬೇರು ಸುಳ್ಳ ಹೇಳಂಗಿಲ್ಲ. ನಿಮ್ಮೂರ ನೀರು ಹೊಲಸ ಇರಬೇಕು."

"ಹೋದ ಸಲ ಇದ ನೀರಿನ್ಯಾಗ ಬಂತಲ್ಲ?"

"ಬ್ಯಾಸಗಿ ಬಂತು. ಬೋರು ಇಳೀತಂದ್ರ ನೀರು ಬದಲಾಗ್ತೈತಿ. ನನ್ನ ಮಾತು ನಂಬಿಕಿ ಇಲ್ಲಂದ್ರ ಬಾಗಲಕೋಟಿ ಕಾಲೇಜಿನ್ಯಾಗ ಒಬ್ರು ಕೆಮಿಸ್ಟ್ರಿ ಮೇಡಂ ಅದಾರ. ನನ್ನ ಕಡೆ ಇದ ಬೇರು ಒಯ್ಯತಾರ. ಅವ್ರನ್ನ ಕೇಳ್ರಿ."

ಕಾಲೇಜಿನ ಮಾತು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನದು ನಾಲ್ಕನೇ ಇಯತ್ತೆಗೆ ಬಿಟ್ಟ ಸಾಲಿ. ಕಾಲೇಜಿನ ಮೆಟ್ಟಿಲು ಹತ್ತಿ ಏನಂತ ಕೇಳಲಿ? ನೀರಿನ ಮಾತು ಮಾತ್ರ ತಲೆಯಲ್ಲಿ ಕೂತಿತು. ಬೋರಿನ ನೀರನ್ನು ಒಂದು ಬಿಳಿ ತಾಟಿನಲ್ಲಿ ಹಾಕಿ ಆರಲು ಬಿಟ್ಟರೆ ತಳದಲ್ಲಿ ಬಿಳಿ ಗೆರೆ ಬೀಳುತ್ತಿದ್ದದ್ದೂ ಹೌದು.

ಹಾಗಾಗಿ ಕಮತಗಿಯ ಹೊಳೆಯಿಂದ ನೀರು ತರಿಸಿದೆ. ಟಂಟಂ ಗಾಡಿಯಲ್ಲಿ ಕ್ಯಾನು ತುಂಬಿಕೊಂಡು ಬಂದವನು, "ಆಯಿ, ಇಷ್ಟ ದೂರದ ನೀರಿನ್ಯಾಗ ಏನ ಕುದಸ್ತೀರಿ, ಅಮೃತ?" ಅಂದ. "ನಿನ್ನ ತಲಿ" ಅಂದೆ. ಬಟ್ಟೆಯಲ್ಲಿ ಸೋಸಿ, ಒಂದು ದಿನ ತಿಳಿಯಾಗಲು ಬಿಟ್ಟು, ಡಬರಿಗೆ ಹಾಕಿದೆ. ಚಿಕ್ಕ ಲಡಿಯೊಂದನ್ನು ಮೊದಲಿನಂತೆ ಪಟಿಕದ ನೀರಲ್ಲಿ ರಾತ್ರಿಯೆಲ್ಲ ನೆನೆಸಿ, ಮುಂಜಾನೆ ಹಿಂಡಿ, ಬೇರಿನ ನೀರಿಗೆ ಬಿಟ್ಟೆ. ಈ ಸಲ ಕಟ್ಟಿಗೆ ನಾನೇ ಹಾಕಿದೆ, ನಾನೇ ಎಳೆದೆ. ಬೇರಿನ ನೀರು ಚೆನ್ನಾಗೇ ಕೆಂಪಗಿತ್ತು. ಮಧ್ಯಾಹ್ನ ಲಡಿ ತೆಗೆದು ಜಾಲಿಸಿ ಗಳುವಿಗೆ ಹಾಕಿದೆ.

ಅದೇ ಇಟ್ಟಂಗಿ.

ಆ ದಿನ ಊಟ ಮಾಡಲಿಲ್ಲ. ದುಃಖ ಅಂತಲ್ಲ. ಬಾಯಿ ತೆರೆದರೆ ಯಾರಿಗಾದರೂ ಏನಾದರೂ ಅಂದುಬಿಡುತ್ತೇನೆ ಎಂಬ ಹೆದರಿಕೆ. ವರ್ಷಾನುಗಟ್ಟಲೆ ಮಾಡಿಕೊಂಡು ಬಂದ ಕೆಲಸ ಕೈಯೊಳಗೇ ತಿರುಗಿ ಬಿದ್ದಾಗ ಆಗುವ ಸಿಟ್ಟಿಗೆ ಬೈಯಲು ಎದುರಿಗೊಂದು ಮುಖವೇ ಇರುವುದಿಲ್ಲ. ಓಣಿಯಲ್ಲಿ ಸುದ್ದಿ ಬೇರೆ ಹಬ್ಬಿತ್ತು, ಆಯಿಯ ಕಣ್ಣು ಮಂಜಾಗಿದೆ ಅಂತ. ಮಗ್ಗದಾಕೆಯ ಅತ್ತೆಯೇ ಬಂದು, "ವಯಸ್ಸಾತ್ರಿ, ಬಣ್ಣ ಗುರ್ತ ಹತ್ತಂಗಿಲ್ಲೇಳ್ರಿ ಈಗ" ಅಂದು ಹೋದಳು. ಸಮಾಧಾನ ಮಾಡಲು ಬಂದಿದ್ದಳಂತೆ.

ಬಾಗಲಕೋಟೆಗೆ ಹೋದೆ.

ಮೇಡಂ ನಡುವಯಸ್ಸಿನವರು, ಗಡಬಡಿಯವರು. ಆದರೂ ನಾನು ಗಂಟು ಬಿಚ್ಚಿ ಎರಡೂ ಲಡಿ ಮೇಜಿನ ಮೇಲಿಟ್ಟು ಎಲ್ಲ ಹೇಳುವ ತನಕ ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಕಿಟಕಿಯ ಪರದೆ ಎಳೆದು ಒಂದು ನೇರಳೆ ದೀಪ ಹಚ್ಚಿದರು. ಅದರ ಕೆಳಗೆ ಲಡಿ ಹಿಡಿದರು.

ಅಂಚಿನ ಕೆಂಪು ಹೊತ್ತಿಕೊಂಡಿತು. ಒಲೆಯಲ್ಲಿ ಬೂದಿ ಸರಿಸಿದರೆ ಒಳಗಿನ ಕೆಂಡ ಕಾಣುತ್ತದಲ್ಲ, ಆ ಬಣ್ಣ, ಕಿತ್ತಳೆಗೆಂಪು. ನಾನು ಕೈ ಹಿಂದೆ ತೆಗೆದುಕೊಂಡೆ. ಪಕ್ಕದ ಲಡಿ ಕಪ್ಪಗೆ ಬಿದ್ದುಕೊಂಡಿತ್ತು, ದೀಪ ಅದರ ಮೇಲೆ ಬಿದ್ದೇ ಇಲ್ಲವೇನೋ ಎಂಬಂತೆ.

"ಇದೇನ್ರಿ ಮೇಡಂ?"

"ಬೇರಿನ ಬಣ್ಣಕ್ಕ ತಾನಾಗೇ ರೇಷ್ಮಿ ಗಟ್ಟಿ ಹಿಡ್ಯಾಕ ಬರಂಗಿಲ್ರಿ ಆಯಿ. ಪಟಿಕದಾಗ ಅಲ್ಯೂಮಿನಿಯಂ ಐತಿ, ನಿಮ್ಮ ಡಬರಿ ಜಾತಿ ಲೋಹಾನ. ಅದರ ಕಣ ನಡಕ ಕುಂತು ಒಂದ ಕೈಲೆ ರೇಷ್ಮಿ, ಒಂದ ಕೈಲೆ ಬಣ್ಣ ಹಿಡಕೊಳ್ತೈತಿ. ಹಂಗ ಕುಂತ ಬಣ್ಣ ಬೆಳಕಿನ್ಯಾಗಿನ ನೀಲಿ, ಹಸಿರು ನುಂಗಿ ಕೆಂಪು ಬಿಟ್ಟಕೊಡ್ತೈತಿ. ನುಂಗಿದ್ರಾಗ ಸ್ವಲ್ಪ ತಿರುಗಿ ತನ್ನದ ಬೆಳಕಾಗಿ ಹೊರಗ ಹಾಕ್ತೈತಿ. ಈ ಕೆಂಡ ಅದ."

"ಮತ್ತ ಈ ಇನ್ನೊಂದು? ಅದಕೂ ಪಟಿಕ ಹಾಕೇನಲ್ಲ."

"ಹಾಕೀರಿ. ಆದ್ರ ಹಿಂಗ ಕಪ್ಪಾಗಿ ಆರೇತಂದ್ರ ಅದರ ಬಾಜೂಕ ಕಬ್ಬಿಣ ಬಂದು ಕುಂತೈತಿ. ಕಬ್ಬಿಣಾನೂ ಬಣ್ಣ ಹಿಡೀತೈತ್ರಿ, ಆದ್ರ ಅದು ಕೆಂಪನೂ ನುಂಗ್ತೈತಿ, ತಿರುಗಿ ಏನೂ ಕೊಡಂಗಿಲ್ಲ. ಬಿಸಿ ಮಾಡಿ ಕಳದಬಿಡ್ತೈತಿ. ಅಷ್ಟ ಅಲ್ಲ. ಬಾಜೂಕಿನ ಪಟಿಕದ ಬಣ್ಣ ಬೆಳಕು ಕೊಡಾಕ ತಯಾರಾದ್ರ, ಅದನ್ನೂ ತನ್ನ ಕಡೆ ಎಳಕೊಂಡು ಆರಿಸಿಬಿಡ್ತೈತಿ. ಅದಕ್ಕ ಕಬ್ಬಿಣ ಭಾಳ ಏನೂ ಬೇಕಾಗಂಗಿಲ್ಲ."

ಪಂಕ್ತಿಯಲ್ಲಿ ಒಬ್ಬ ಮುಖ ಗಂಟಿಕ್ಕಿಕೊಂಡು ಕೂತರೆ ಅಕ್ಕಪಕ್ಕದವರ ಮಾತೂ ನಿಲ್ಲುತ್ತದೆ. ಹಾಗೆ ಅಂತ ನಾನು ತಿಳಿದುಕೊಂಡೆ. ಟ್ಯೂಬ್‌ಲೈಟಿನ ಕೆಳಗೆ ಯಾಕೆ ಮೋಸ ಹೋಗುತ್ತೇವೆಂಬುದನ್ನೂ ಮೇಡಂ ಹೇಳಿದರು. ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ತುಂಬಿರುತ್ತದೆ. ನಮ್ಮ ಮನೆಯ ಟ್ಯೂಬಿನಲ್ಲಿ ಕೆಂಪು ಕಡಿಮೆ, ಹಾಗಾಗಿ ಕೆಂಪಿನ ಹೆಚ್ಚುಕಡಿಮೆ ಅಲ್ಲಿ ಸರಿಯಾಗಿ ತೋರುವುದಿಲ್ಲ.

"ಹಂಗಾರ ನೀರಿನ್ಯಾಗ ಕಬ್ಬಿಣ ಐತಿ?"

ನಾನು ತಂದಿದ್ದ ಬೋರಿನ ನೀರು, ಹೊಳೆ ನೀರು ಎರಡನ್ನೂ ಪರೀಕ್ಷೆ ಮಾಡಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಂದು, "ನೀರಿನ್ಯಾಗ ಇಲ್ರಿ. ಇಷ್ಟು ಕೆಡಸುವಷ್ಟು ಎರಡ್ರಾಗೂ ಇಲ್ಲ," ಅಂದರು.

ನನಗೆ ಅಳು ಬರಲಿಲ್ಲ. ಮೈ ಉರಿಯಿತು. ರೋಗದ ಹೆಸರು ಹೇಳಿ, ಎಲ್ಲಿಂದ ಬಂತು ಗೊತ್ತಿಲ್ಲ ಅಂದರೆ ಏನು ಮಾಡುವುದು?

"ಎಲ್ಲಾ ಒಮ್ಮೆಲೇ ಬದಲಿ ಮಾಡಬ್ಯಾಡ್ರಿ," ಅಂದರು ಮೇಡಂ. "ಒಂದ ಲಡಿಗೆ ಒಂದ ವಸ್ತು ಬದಲಿ ಮಾಡ್ರಿ. ನೋಟು ನೋಡೂ ದೀಪ ಅಂಗಡ್ಯಾಗ ಇರ್ತೈತಲ್ಲ, ಅದೂ ನೇರಳೇನ. ಅದರ ಕೆಳಗ ಹಿಡೀರಿ. ಕಣ್ಣಿಗೆ ಗೊತ್ತಾಗದ್ದು ಅಲ್ಲಿ ಗೊತ್ತಾಗ್ತೈತಿ."

ಬಸ್ಸಿನಲ್ಲಿ ಬರುತ್ತ ಬೆರಳಿನಷ್ಟು ದಪ್ಪದ ಲಡಿಗಳ ಲೆಕ್ಕ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಒಂದನ್ನು ಸ್ಟೀಲಿನ ಪಾತ್ರೆಯಲ್ಲಿ ಬೋರಿನ ನೀರಿನಿಂದ, ಒಂದನ್ನು ಸ್ಟೀಲಿನಲ್ಲೇ ಹೊಳೆಯ ನೀರಿನಿಂದ, ಒಂದನ್ನು ಸ್ಟೀಲಿನಲ್ಲೇ ಬೇರೆ ಅಂಗಡಿಯ ಪಟಿಕದಿಂದ, ಒಂದನ್ನು ಮೊದಲಿನಂತೆ ನನ್ನ ಡಬರಿಯಲ್ಲಿ ಹಾಕಿದೆ. ಯಾವುದು ಯಾವುದೆಂದು ತಿಳಿಯಲು ಗಂಟು ಹಾಕಿದೆ. ಆರಿದ ಮೇಲೆ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಮೂಲೆಯ ಕಿರಾಣಿ ಅಂಗಡಿಗೆ ಹೋಗಿ, ನಕಲಿ ನೋಟು ಹಿಡಿಯುವ ದೀಪದ ಮುಂದೆ ನಿಂತೆ.

"ಬರ್ರಿ ಆಯಿ. ನೋಟು ತಂದೀರೇನ್ರಿ, ಖೊಟ್ಟಿ?" ಅಂದ ಅಂಗಡಿಯವ.

"ಖೊಟ್ಟಿ ರೇಷ್ಮಿ ತಂದೇನಿ. ದೀಪ ಹಚ್ಚು."

ದೀಪದ ಪೆಟ್ಟಿಗೆಯ ಮೇಲೆ ಗೋಣಿತಾಟು ಮುಚ್ಚಿ ಇಬ್ಬರೂ ತಲೆ ಒಳಗೆ ತೂರಿಸಿದೆವು. ಗಿರಾಕಿಗಳು ಬಂದು ನಿಂತು ಏನು ಕೂಸು ಮಲಗಿಸೀರಿ ಅಂತ ಕೇಳುತ್ತಿದ್ದರು. ಬೋರಿನ ನೀರಿನದು ಹೊತ್ತಿತು. ಹೊಳೆಯ ನೀರಿನದು ಹೊತ್ತಿತು. ಬೇರೆ ಪಟಿಕದ್ದೂ ಹೊತ್ತಿತು. ಡಬರಿಯದು ಕಪ್ಪು.

ಡಬರಿ! ಜರ್ಮನ್ ಡಬರಿ ಅನ್ನುತ್ತೇವೆ ನಮ್ಮ ಕಡೆ, ಅಂದರೆ ಅದೇ ಅಲ್ಯೂಮಿನಿಯಂ. ಪಟಿಕದ ಜಾತಿಯೇ ಎಂದು ಮೇಡಂ ಹೇಳಿದ ಪಾತ್ರೆ. ಅಂಚಿನ ಕೆಂಪನ್ನೂ ಅದರಲ್ಲೇ ಹಾಕಿದ್ದೆ. ಆಗ ಕೆಡಿಸದ್ದು ಈಗ ಯಾಕೆ ಕೆಡಿಸಿತು? ಮನೆಗೆ ಬಂದು ಅದನ್ನು ಅಂಗಳದಲ್ಲಿ ಬೋರಲು ಹಾಕಿ ಸುತ್ತ ತಿರುಗಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆಗ ಹೊಳೆಯಿತು ನನ್ನ ತಲೆಗೂ. ಅಂಚಿಗೆ ಬಣ್ಣ ಹಾಕಿದಾಗ ಅದು ಹೊಳೆಯುತ್ತಿರಲಿಲ್ಲ. ಒಳಗೆಲ್ಲ ಕಂದು ಕಟ್ಟಿತ್ತು.

"ಇದನ್ನ ಯಾವಾಗ ತಿಕ್ಕಿದಿ?"

ಸೊಸೆ ಅಡುಗೆಮನೆಯಿಂದಲೇ ಹೇಳಿದಳು: "ಸಾವಕಾರ್ರು ಮಂದೀನ ಕರಕೊಂಡು ಬಣ್ಣದ ಮನಿ ನೋಡಾಕ ಬರ್ತಾರಂತ ನೀವ ಹೇಳಿದ್ರಲ್ಲ ಅತ್ತಿ. ಹೊಲಸ ಕಾಣ್ತಿತ್ತು. ತಿಕ್ಕಿದ ಮ್ಯಾಲೆ ನೀವ ಅಂದ್ರಿ, ಈಗ ಪಾತ್ರಿ ಪಾತ್ರಿ ಕಂಡಂಗ ಕಾಣ್ತು ಅಂತ."

"ಎದರ್ಲೆ ತಿಕ್ಕಿದಿ?"

"ಕಲ್ಲಿನ ಪುಡೀಲೆ. ಓಣ್ಯಾಗ ಎಲ್ಲಾರೂ ಅದರ್ಲೇನ ತಿಕ್ಕತಾರ."

ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕೊಯ್ಯುವ ಫ್ಯಾಕ್ಟರಿಗಳು ಎಷ್ಟೋ ಇವೆ. ಅಲ್ಲಿ ಕಲ್ಲು ಕೊಯ್ದ ರಾಡಿ ಒಣಗಿ ಹಿಟ್ಟಿನಂಥ ಪುಡಿಯಾಗಿ ಗುಡ್ಡೆ ಬಿದ್ದಿರುತ್ತದೆ. ಬೂದಿಗಿಂತ ಚೆನ್ನಾಗಿ ಜಿಡ್ಡು ಹೋಗುತ್ತದೆಂದು ಹೆಂಗಸರು ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಾರೆ. ನಮ್ಮ ಬಚ್ಚಲಲ್ಲೂ ಒಂದು ಡಬ್ಬಿ ಇತ್ತು. ಕಲ್ಲಿನ ಫ್ಯಾಕ್ಟರಿಯಲ್ಲಿ ದುಡಿಯುವ ಎದುರು ಮನೆಯವನನ್ನು ಕೂಗಿ ಕೇಳಿದೆ.

"ಇದರಾಗ ಕಬ್ಬಿಣ ಇರ್ತೈತೇನೋ?"

"ಇರ್ಲೇಬೇಕಲ್ರಿ ಆಯಿ. ಬರೇ ಗರಗಸಲೆ ಕಲ್ಲು ಕೊಯ್ಯಾಕ ಆಗಂಗಿಲ್ಲ. ಕಬ್ಬಿಣದ ಸಣ್ಣ ಹರಳು ಹಾಕಿ ನೀರ ಬಿಟಗೋತ ಕೊಯ್ತಾರ. ಸವದು ಸವದು ಅದರಾಗ ಸೇರ್ತೈತಿ."

ಕೆಟ್ಟ ಸ್ಪೀಕರಿನ ಆಯಸ್ಕಾಂತ ಅವನೇ ತಂದುಕೊಟ್ಟ. ಪುಡಿಯೊಳಗೆ ಆಡಿಸಿ ತೆಗೆದರೆ ಅದಕ್ಕೆ ಕರಿ ಮೀಸೆ ಬಂದಿತ್ತು. ಜರ್ಮನ್ ಡಬರಿ ಮೆತ್ತಗಿನ ಲೋಹ. ತಿಕ್ಕಿದಾಗ ಆ ಹರಳು ತಳದಲ್ಲಿ ನಾಟಿಕೊಂಡು ಕೂತಿವೆ, ತೊಳೆದರೆ ಹೋಗುವಂಥವಲ್ಲ. ಪಟಿಕದ ಹುಳಿ ನೀರು ರಾತ್ರಿಯೆಲ್ಲ ನಿಂತು ಅವನ್ನು ಕರಗಿಸಿದೆ. ನಾನು ಎಷ್ಟು ಸಲ ಹಾಕಿದರೂ ಅಷ್ಟು ಸಲ ಕಬ್ಬಿಣ ಉಣಿಸಿದ್ದೇನೆ.

ಸೊಸೆ ಬಾಗಿಲಲ್ಲಿ ನಿಂತಿದ್ದಳು, ಬೈಗುಳಕ್ಕೆ ತಯಾರಾಗಿ. ಏನಂತ ಬೈಯಲಿ? ಸ್ವಚ್ಛ ಮಾಡಿದ್ದಕ್ಕೆ ಬೈಯಬೇಕೇ? "ಇನ್ನ ಮ್ಯಾಲೆ ನನ್ನ ಪಾತ್ರಿ ಹೊಲಸ ಇರ್ಲಿ," ಅಂದೆ. ಡಬರಿಯನ್ನು ಎಮ್ಮೆಗೆ ನೀರಿಡಲು ಕೊಟ್ಟೆ.

ಕಾರಣ ಸಿಕ್ಕಿತು. ಅದರಿಂದ ಕೆಲಸವಾಯಿತೇ? ಇಲ್ಲ. ಸೆರಗಿನ ರೇಷ್ಮೆಯೆಲ್ಲ ಕಪ್ಪಿಟ್ಟು ಕೂತಿತ್ತು. ಚೀಲದ ಬೇರು ಪ್ರಯೋಗಕ್ಕೇ ಖರ್ಚಾಗಿ ತಳ ಕಂಡಿತ್ತು. ಚೊಳಚಗುಡ್ಡದವನಿಗೆ ಫೋನು ಹಚ್ಚಿದರೆ, "ಖಾಲಿ ಆಗೇತ್ರಿ ಆಯಿ, ಮಾಲು ಮ್ಯಾಲಿಂದ ಬರಬೇಕು, ಟೈಮ್ ಹಿಡೀತೈತಿ" ಅಂದ. ಸಾವಕಾರ ಬರುವ ವಾರ ಬಂದುಬಿಟ್ಟಿತ್ತು.

ಮೇಡಂಗೆ ಫೋನು ಮಾಡಿ, ಕೂತ ಕಬ್ಬಿಣವನ್ನು ಎಬ್ಬಿಸಲು ಬರುವುದೇ ಎಂದು ಕೇಳಿದೆ. ಹುಳಿಗೆ ಏಳುತ್ತದೆ, ಆದರೆ ಪಟಿಕವನ್ನೂ ಎಬ್ಬಿಸೀತು, ಒಂದು ಎಳೆಯ ಮೇಲೆ ನೋಡಿರಿ ಅಂದರು. ಲಿಂಬೆಹಣ್ಣು ಹಿಂಡಿದ ಬಿಸಿನೀರಲ್ಲಿ ಒಂದು ಲಡಿ ಅದ್ದಿದೆ. ಮಸಿ ಬಿಟ್ಟಿತು, ಅದರ ಹಿಂದೆ ಕೆಂಪೂ ಬಿಟ್ಟಿತು. ಕೈಗೆ ಬಂದದ್ದು ಅರಿಶಿನ ನೀರು ಚೆಲ್ಲಿದ ಧೋತರದ ಬಣ್ಣ. ಅದನ್ನು ಹಿಂಡಿ ಗೋಡೆಗೆ ಬೀಸಿ ಒಗೆದೆ. ಅಲ್ಲಿಯೇ ಅಂಟಿಕೊಂಡಿತು. ಆ ಘಳಿಗೆಯಲ್ಲಿ ಪಾಕೀಟು ಬಣ್ಣ ಮನೆಯಲ್ಲಿ ಇದ್ದಿದ್ದರೆ ಹಾಕಿಯೇ ಬಿಡುತ್ತಿದ್ದೆ. ಇರಲಿಲ್ಲ, ಅಷ್ಟೇ.

ಮಗ್ಗದಾಕೆ ಬಂದವಳು ಗೋಡೆ ನೋಡಿದಳು, ನನ್ನ ಮುಖ ನೋಡಿದಳು. ಕಟ್ಟೆಯ ಮೇಲೆ ಕೂತು ಕೇಳಿದಳು: "ಬೇರು ಎಷ್ಟ ಉಳದೈತ್ರಿ ಆಯಿ?"

"ಒಂದ ಮುಷ್ಟಿ. ಸೆರಗಿಗೆ ಸಾಲಂಗಿಲ್ಲ."

"ಸೆರಗಿನ ಎರಡೂ ಕಡಿ ಅಂಚಿಗೆ?"

ಅವಳ ಯೋಚನೆ ಹೀಗಿತ್ತು. ಮಗ್ಗದ ಮೇಲೆ ಮೂರು ಲಾಳಿ ಓಡಿಸಿ ನೇಯುತ್ತಾಳೆ, ಅಂಚಿಗೆ ಎರಡು, ನಡುವಿಗೆ ಒಂದು. ಸೆರಗಿನ ಎರಡೂ ಬದಿಯ ಪಟ್ಟಿಗೆ ಹಾಸೂ ಅಡ್ಡ ಎಳೆಯ ಹೊಕ್ಕೂ ಹೊಸ ಕೆಂಪು. ಅದು ಒಡಲಿನ ಅಂಚಿಗೆ ನೇರ ಹೋಗಿ ಕೂಡುತ್ತದೆ. ನಡುವೆ ಈ ಕಪ್ಪಿಟ್ಟ ಕೆಂಪು. ಅಲ್ಲಿ ಕೊಂಡಿಯ ಆಚೆ ಇರುವುದು ಒಡಲಿನ ನೀಲಿ, ಹಾಗಾಗಿ ಕೆಂಪಿಗೆ ಕೆಂಪು ತಾಗುವುದಿಲ್ಲ. ಪಟ್ಟಿಗೂ ನಡುವಿಗೂ ಮಧ್ಯೆ ಬಿಳಿ ಎಳೆ.

"ಎರಡು ಕೆಂಪಿನ ಸೆರಗು ಅಂದ್ರ ಸೀರಿ ಅಲ್ಲವ್ವ, ತೇಪಿ ಕೌದಿ," ಅಂದೆ. "ಸಾವಕಾರ ಉಗೀತಾನ."

"ಉಗೀಲಿ. ಮಗ್ಗ ಖಾಲಿ ಇಟಗೊಂಡು ಉಗಿಸ್ಕೊಳ್ಳೂಕಿಂತ ನೇಯ್ದು ಉಗಿಸ್ಕೊಳ್ತೇನಿ."

ನನ್ನ ಮನಸ್ಸಿನಲ್ಲಿ ಬೇರೆ ಲೆಕ್ಕ ಇತ್ತು. ಆ ಒಂದು ಮುಷ್ಟಿ ಬೇರಿನಿಂದ ಚಂದದ ಒಂದು ಲಡಿ ಮಾಡಿ ಸಾವಕಾರನ ಕೈಗಿಟ್ಟು, ನೋಡಪ್ಪಾ ನನ್ನ ಕೆಂಪು ಹೀಗಿರುತ್ತದೆ, ಪಾತ್ರೆಯಿಂದ ಹೀಗಾಯಿತು, ಬೇರು ಬಂದ ಮೇಲೆ ಕೊಡುತ್ತೇನೆ ಅನ್ನಬೇಕೆಂದಿದ್ದೆ. ಅವನು ಒಪ್ಪುತ್ತಿದ್ದ. ಬಣ್ಣದ ಕೆಲಸ ನನಗೆ ಉಳಿಯುತ್ತಿತ್ತು, ಹಾಸು ಬೇರೆ ಯಾವ ಮಗ್ಗಕ್ಕಾದರೂ ಹೋಗುತ್ತಿತ್ತು. ಇವಳ ಕುಣಿ ಮಾತ್ರ ಮುಚ್ಚುತ್ತಿತ್ತು. ಅವಳಿಗೆ ಇದು ಗೊತ್ತಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಸಿಟ್ಟಿನಲ್ಲಿ ಇಲ್ಲ ಅನ್ನುತ್ತಿದ್ದೆ. ಗೋಡೆಯ ಮೇಲಿನ ಲಡಿಯನ್ನು ಬಿಡಿಸಿ ಮಡಚುತ್ತಿದ್ದಳು, ಎಳೆ ಸಿಕ್ಕಾಗದಂತೆ.

"ಸ್ಟೀಲ್ ಬೋಗಾಣಿ ನಿಮ್ಮ ಮನಿಯಿಂದ ತಾ," ಅಂದೆ. "ಪುಡಿ ಹಚ್ಚಿ ತಿಕ್ಕಿದ್ದು ತಂದ್ರ ನಿನ್ನ ತಲಿ ಮ್ಯಾಲೆ ಬೋರಲ ಹಾಕ್ತೇನಿ."

ಅಂಚಿಗೆಂದು ತೆಗೆದಿಟ್ಟ ಬಿಳಿ ರೇಷ್ಮೆ ಅಷ್ಟಕ್ಕೆ ಸಾಕಾಗುವಷ್ಟು ಉಳಿದಿತ್ತು. ಅದನ್ನು ಪಟಿಕದ ನೀರಲ್ಲಿ ನೆನೆಸಿದೆ, ಬೇರು ಕಾಯಿಸಿದೆ, ಬೋಗಾಣಿಯ ಮುಂದೆ ಕಾವಲು ಕೂತೆ. ಕಿರಾಣಿಯವನ ದೀಪದ ಕೆಳಗೆ ಹಳೆಯ ಲಡಿಯನ್ನೂ ಹೊಸ ಲಡಿಯನ್ನೂ ಹಿಡಿದೆ. ಎರಡೂ ಒಂದೇ ಕೆಂಡ. ಅವನು, "ಖರೇ ನೋಟ್ರಿ ಆಯಿ" ಅಂದ. ಆ ವಾರದಲ್ಲಿ ನಾನು ನಕ್ಕದ್ದು ಅಲ್ಲೊಮ್ಮೆಯೇ.

ಅವಳು ಕೊಂಡಿ ಹಾಕಿ ನೇಯ್ದಳು. ಸಾವಕಾರ ಅವರ ಮನೆಗೆ ಬಂದ; ನಾನೂ ಅಲ್ಲಿದ್ದೆ. ಗಂಡ ಅವನನ್ನು ಒಳಗೆ ಖುರ್ಚಿಯ ಮೇಲೆ ಕೂಡಿಸಿ ಟ್ಯೂಬ್‌ಲೈಟು ಹಚ್ಚಿದ. ಸೀರೆಯ ಮಡಿಕೆ ಬಿಚ್ಚಿ ಹರಡಿದರು. ಸಾವಕಾರ ತಲೆ ಆಡಿಸಿ, "ಛಲೋ ಬಂದೈತಿ" ಅಂದ. ಗಂಡನ ಕಣ್ಣು ನನ್ನ ಮೇಲಿತ್ತು, ಸುಮ್ಮನಿರಿ ಎಂದು. ಮಗ್ಗದಾಕೆ ನೆಲ ನೋಡುತ್ತಿದ್ದಳು. ಅಲ್ಲಿಗೆ ಬಿಟ್ಟಿದ್ದರೆ ಅವತ್ತು ಪಾಸು. ನಾಲ್ಕು ದಿನದ ಮೇಲೆ ಯಾವುದೋ ಅಂಗಡಿಯ ಬಾಗಿಲಲ್ಲಿ ಬಿಸಿಲು ಬಿದ್ದಾಗ ನಾಪಾಸು, ಆಮೇಲೆ ಅವನು ಈ ಓಣಿಗೆ ಕಾಲಿಡುವುದಿಲ್ಲ.

"ಹೊರಗ ಬರ್ರಿ ಸಾವಕಾರ್ರ," ಅಂದೆ.

ಅಂಗಳದಲ್ಲಿ ಸೆರಗು ಹಿಡಿದು ನಿಂತೆ. ಮಧ್ಯಾಹ್ನದ ಬಿಸಿಲು. ಬದಿಯ ಪಟ್ಟಿಗಳು ಉರಿದವು, ನಡುವಿನದು ಆರಿತು. ಸಾವಕಾರನ ಮುಖವೂ ಆರಿತು.

"ಇದೇನ್ರಿ ಆಯಿ? ಎರಡು ಕೆಂಪು ಐತಿ."

"ಐತಿ. ನಡುವಿಂದು ಕೆಟ್ಟೈತಿ. ಪಾತ್ರಿಯೊಳಗ ಕಬ್ಬಿಣ ಸೇರಿತ್ತು, ಈಗ ತಗದೇವಿ."

ಅವನು ನಡುವಿನದನ್ನು ನೋಡಿ ತುಟಿ ತಿರುವಿದ. ಬದಿಗೆ ಬಂದ. ಒಡಲಿನ ಅಂಚು ಸೆರಗಿನ ಪಟ್ಟಿಗೆ ಸೇರುವಲ್ಲಿ ಕೊಂಡಿಯ ಗೆರೆ ಹುಡುಕಿದ. ಕಣ್ಣಿಗೆ ಸಿಗಲಿಲ್ಲ. ಉಗುರಿನಿಂದ ತಡವಿ ಹುಡುಕಿದ. ಸೀರೆಯನ್ನು ಸೂರ್ಯನ ಕಡೆ ತಿರುಗಿಸಿದ, ನೆರಳಿಗೆ ಒಯ್ದ, ಮತ್ತೆ ಬಿಸಿಲಿಗೆ ತಂದ.

"ಅಂಚು ಕೂಡೇತಿ," ಅಂದ ಕಡೆಗೆ. "ಆದ್ರ ಈ ಸೀರಿ ನನಗ ಬ್ಯಾಡ. ನನ್ನ ಅಂಗಡ್ಯಾಗ ಇಡಾಕ ಬರಂಗಿಲ್ಲ."

ಗಂಡ ಗಂಟಲು ಸರಿಮಾಡಿಕೊಂಡ. ಏನೋ ಹೇಳಲು ಬಾಯಿ ತೆರೆದ.

ಸಾವಕಾರ ಮಗ್ಗದಾಕೆಯ ಕಡೆ ತಿರುಗಿದ. "ಇನ್ನೊಂದು ಹಾಸು ಕಳಸ್ತೇನಿ. ಈ ಅಂಚು ಹೆಂಗ ಕೂಡೇತಿ, ಹಂಗ ಪೂರಾ ಸೆರಗು ಕೂಡಬೇಕು. ಬಿಸಿಲಾಗ ನೋಡೇನ ತಗೋತೇನಿ. ಅದೂ ಹಿಂಗ ಆತಂದ್ರ ಮುಂದ ನನ್ನ ಕೇಳಬ್ಯಾಡ್ರಿ."

ಅವನು ಚಹಾ ಕುಡಿಯದೆ ಹೋದ. ಪಾಸೂ ಅಲ್ಲ, ನಾಪಾಸೂ ಅಲ್ಲ. ಕರಾರಿನಲ್ಲಿ ಇಂಥದ್ದಕ್ಕೆ ಮಾತೇ ಇರಲಿಲ್ಲ. ಗಂಡ ಕಟ್ಟೆಯ ಮೇಲೆ ಕೂತು, "ಇನ್ನೊಂದ ಹಾಸಿಗೆ ಎಷ್ಟ ದಿನಾ ಕಾಯ್ಲಿ? ಮಷೀನಿನವ್ರಿಗೆ ಮಾತ ಕೊಟ್ಟೇನಿ" ಅಂತ ಗೊಣಗಿದ. ನನಗೂ ಸಿಟ್ಟು ಇಳಿದಿರಲಿಲ್ಲ. ಬೇರು ಬಂದಿಲ್ಲ, ಹೊಸ ಪಾತ್ರೆ ಪಳಗಬೇಕು, ಮುಂದಿನ ಸಲ ಇನ್ಯಾವ ಮೂಲೆಯಿಂದ ಏನು ಬಂದು ಕೂರುತ್ತದೋ ಗೊತ್ತಿಲ್ಲ. ಸಾಲದ್ದಕ್ಕೆ ಈಗ ಪ್ರತಿ ಲಡಿ ಹಿಡಿದುಕೊಂಡು ಕಿರಾಣಿ ಅಂಗಡಿಗೆ ಓಡಬೇಕು.

ಮಗ್ಗದಾಕೆ ಸೀರೆ ಮಡಚಿಟ್ಟು, ಮಗ್ಗದ ಮುಂದೆ ಹೋಗಿ ಕೂತಳು. ನೇಯಲು ಏನೂ ಇರಲಿಲ್ಲ. ಆದರೂ ಕುಣಿಯೊಳಗೆ ಕಾಲು ಇಳಿಬಿಟ್ಟಳು. ಗಂಡ ಒಳಗೆ ಬಂದು ಅವಳನ್ನೂ ಕುಣಿಯನ್ನೂ ನೋಡಿ ಹೊರಗೆ ಹೋದ.

"ಆಯಿ, ಬೇರು ಯಾವಾಗ ಬರ್ತೈತ್ರಿ?"

"ಬಂದಾಗ ಬರ್ತೈತಿ," ಅಂದೆ. "ಅಲ್ಲೀ ತನಕಾ ಕಾಲು ಮ್ಯಾಲೆ ತಗೀಬ್ಯಾಡ."